ನಗ್ತೀರಲ್ಲ, ಆ ಹಾಡಿನ ಅರ್ಥ ಕೇಳಿದ್ದೀರಾ?

ಹೋದ ವಾರ ನಿಂಬೆಹಣ್ಣಿನ ಉಪ್ಪಿನಕಾಯಿ ಹಾಕೋದು ಹೇಳ್ಕೊಡ್ತೀನಿ ಅಂತ ಬರೆದಿದ್ದೆ. ಕ್ಷಮಿಸಿ, ಹಣ್ಣು ಹೆಚ್ಚಿ ಉಪ್ಪು ಬೆರೆಸಿ ಭರಣಿಗೆ ಹಾಕಿಟ್ಟಿದ್ದೀನಿ. ಅದು ಇನ್ನೊಂದು ವಾರ ಅಲ್ಲೇ ಕೂತ್ರೆ ಏನೂ ಕೆಡಲ್ಲ, ಇನ್ನೂ ಚೆನ್ನಾಗಿ ಮಾಗುತ್ತೆ. ಇವತ್ತು ಬೇರೆ ವಿಷಯ. ಹೊಟ್ಟೇಲಿ ಕುದೀತಾ ಇದೆ, ಇಳಿಸದೆ ಇದ್ರೆ ಉಕ್ಕಿ ಒಲೆ ಆರಿಹೋಗುತ್ತೆ.

ಭಾನುವಾರ ನನ್ನ ತಂಗಿ ಮಗನ ನಿಶ್ಚಿತಾರ್ಥ ಇತ್ತಲ್ಲ, ಜಾಲಹಳ್ಳಿ ಕ್ರಾಸ್ ಹತ್ರದ ಛತ್ರದಲ್ಲಿ. ಇದನ್ನ ಓದ್ತಿರೋರಲ್ಲಿ ಅರ್ಧ ಜನ ಅಲ್ಲೇ ಇದ್ರಿ. ಉಂಗುರ ಹಾಕಿದ್ದಾಯ್ತು, ತಟ್ಟೆ ಬದಲಾಯಿಸಿದ್ದಾಯ್ತು, ಎರಡನೇ ಪಂಕ್ತಿ ಊಟ ನಡೀತಿತ್ತು. ಆಗ ಹುಡುಗನ ಆಫೀಸಿನ ಸ್ನೇಹಿತರು ಮೈಕ್ ಹಿಡ್ಕೊಂಡು ಫೋನಿಂದ ಒಂದು ಹಾಡು ಹಾಕಿದ್ರು. ಅಣ್ಣಾವ್ರು ಹಾಡಿರೋ ಇಂಗ್ಲಿಷ್ ಹಾಡು, 'ಇಫ್ ಯು ಕಮ್ ಟುಡೇ'. ಒಬ್ಬ ಹುಡುಗ ಕಪ್ಪು ಕನ್ನಡಕ ಹಾಕ್ಕೊಂಡು, ಸಾರಿ ಸಾರಿ ಕೈಗಡಿಯಾರ ನೋಡ್ಕೋತಾ, ಸೊಂಟ ಅಲ್ಲಾಡಿಸ್ಕೋತಾ ಕುಣಿದ. ಛತ್ರಕ್ಕೆ ಛತ್ರವೇ ನಕ್ತು. ಕನ್ನಡ ಬಾರದ ಹುಡುಗನೊಬ್ಬ "ಇದು ಇಂಗ್ಲಿಷಾ?" ಅಂತ ಕೇಳ್ದ. ಅದಕ್ಕೆ ನಮ್ಮ ಹುಡುಗನೇ, ನಾನು ತೊಡೆ ಮೇಲೆ ಮಲಗಿಸ್ಕೊಂಡು ಎಣ್ಣೆ ಹಚ್ಚಿ ನೀರು ಹಾಕಿದ ಹುಡುಗನೇ, "ಇಲ್ಲ ಮಗಾ, ಇದು ನಮ್ಮ ಅಂಕಲ್‌ಗಳ ಇಂಗ್ಲಿಷು" ಅಂದ. ಮತ್ತೆ ನಗು.

ನಾನೂ ನಕ್ಕೆ. ಸೆರಗು ಬಾಯಿಗೆ ಅಡ್ಡ ಹಿಡ್ಕೊಂಡು ನಕ್ಕೆ. ನೀವೂ ನಕ್ಕಿದ್ದನ್ನ ನಾನು ನೋಡಿದ್ದೀನಿ, ಈಗ ಇಲ್ಲ ಅನ್ಬೇಡಿ.

ಆ ನಗು ನನಗೆ ರಾತ್ರಿ ನಿದ್ದೆ ಕೊಡ್ಲಿಲ್ಲ. ಅದಕ್ಕೆ ಕಾರಣ ಇನ್ನೊಂದಿದೆ, ಕೊನೇಲಿ ಹೇಳ್ತೀನಿ. ಮೊದಲು ನನ್ನ ವಾದ ಏನು ಅಂತ ನೇರವಾಗಿ ಹೇಳ್ಬಿಡ್ತೀನಿ. ಆ ಹಾಡನ್ನ ನಾವು ಜೋಕು ಮಾಡ್ಕೊಂಡಿದ್ದು ತಪ್ಪು. ಅದು ಪ್ರೇಮಗೀತೆ. ಹೆಂಗಸರಿಗೆ ನಮ್ಮ ಮನೆಗಳಲ್ಲಿ ಯಾರೂ ಹೇಳದ ಒಂದು ಮಾತನ್ನ ಅದು ಹೇಳುತ್ತೆ. ಆ ಮಾತು ನಮ್ಮ ಕಿವಿಗೆ ಬೀಳದೆ ಇರೋದಕ್ಕೆ ಕಾರಣ ನಾವು ಉಚ್ಚಾರಣೆ ಕೇಳಿ ನಕ್ಕು ಮುಗಿಸ್ಬಿಡೋದು.

ಹಾಡಿನ ಹಿನ್ನೆಲೆ ಗೊತ್ತಿಲ್ಲದ ಚಿಕ್ಕವರೂ ಇದ್ದೀರಿ, ಅದಕ್ಕೆ ಸ್ವಲ್ಪ ಹೇಳ್ತೀನಿ. 1978ರಲ್ಲಿ ಬಂದ 'ಆಪರೇಷನ್ ಡೈಮಂಡ್ ರಾಕೆಟ್' ಚಿತ್ರದ ಹಾಡು ಅದು. ದೊರೈ-ಭಗವಾನ್ ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ, ಅಣ್ಣಾವ್ರ ಜೊತೆ ಪದ್ಮಪ್ರಿಯಾ. ಇದು ಸಿಐಡಿ 999 ಸರಣಿಯ ನಾಲ್ಕನೇ ಚಿತ್ರ. 1968ರಲ್ಲಿ 'ಜೇಡರ ಬಲೆ' ಬಂತು, ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', ಮಾರನೇ ವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999'. ಆಮೇಲೆ ಒಂಬತ್ತು ವರ್ಷ ಬಿಟ್ಟು ಇದು. ಹೊರದೇಶದಲ್ಲಿ ಜೇಮ್ಸ್ ಬಾಂಡ್ ಓಡಾಡ್ತಿದ್ದ ಕಾಲದಲ್ಲಿ ನಮಗೂ ಒಬ್ಬ ಪತ್ತೇದಾರ ಬೇಕು ಅಂತ ಮಾಡಿದ್ದು. ಕೋಟು, ಟೈ, ಪಿಸ್ತೂಲು, ಕಾರು ಎಲ್ಲಾ ಇತ್ತು. ಅಂಥವನ ಬಾಯಲ್ಲಿ ಒಂದು ವೆಸ್ಟರ್ನ್ ಹಾಡು ಬಂದ್ರೆ ಅದರಲ್ಲಿ ಆಶ್ಚರ್ಯ ಏನು?

ಆಶ್ಚರ್ಯ ಇರೋದು ಹಾಡಿದವರಲ್ಲಿ. ಗಾಜನೂರಿನ ಮುತ್ತುರಾಜು, 1929ರಲ್ಲಿ ಹುಟ್ಟಿದವರು. ಅಪ್ಪ ಪುಟ್ಟಸ್ವಾಮಯ್ಯನವರು ನಾಟಕದವರು. ಮಗನಿಗೆ ಪ್ರೈಮರಿ ಶಾಲೆಯೂ ಪೂರ್ತಿ ಆಗ್ಲಿಲ್ಲ, ಗುಬ್ಬಿ ವೀರಣ್ಣನವರ ಕಂಪನಿಯೇ ಶಾಲೆ ಆಯ್ತು. 1954ರಲ್ಲಿ 'ಬೇಡರ ಕಣ್ಣಪ್ಪ'. ಅಲ್ಲಿಂದ ಎಷ್ಟೋ ವರ್ಷ ಅವರಿಗೆ ಹಾಡ್ತಿದ್ದದ್ದು ಪಿ.ಬಿ. ಶ್ರೀನಿವಾಸ್. 1974ರಲ್ಲಿ 'ಸಂಪತ್ತಿಗೆ ಸವಾಲ್' ಚಿತ್ರದಲ್ಲಿ ಎಮ್ಮೆ ಮೇಲೆ ಕೂತು ಹಾಡಿದ್ರಲ್ಲ, ಅದಾದ ಮೇಲೆ ತಮ್ಮ ಹಾಡು ತಾವೇ ಹಾಡೋಕೆ ಶುರು ಮಾಡಿದ್ರು. ಆ ಎಮ್ಮೆ ಹಾಡಿಗೆ ಸಂಗೀತ ಕೊಟ್ಟವರೂ ಜಿ.ಕೆ. ವೆಂಕಟೇಶ್ ಅವರೇ. ನಾಲ್ಕೇ ವರ್ಷದಲ್ಲಿ ಅದೇ ಸಂಗೀತದವರು ಅದೇ ಗಂಟಲಿಂದ ಇಂಗ್ಲಿಷ್ ಹಾಡು ತೆಗೆಸಿದ್ರು. ಅದರ ಹಿಂದಿನ ವರ್ಷ, 1977ರಲ್ಲಿ, 'ಬಬ್ರುವಾಹನ'ದಲ್ಲಿ ಅರ್ಜುನನಾಗಿ ಗುಡುಗಿದ ಬಾಯಿ ಅದು. ಎಮ್ಮೆ ಬೆನ್ನು, ಅರ್ಜುನನ ರಥ, ಸಿಐಡಿ ಕೋಟು, ಎಲ್ಲಕ್ಕೂ ಒಬ್ಬರೇ.

ಇಂಗ್ಲಿಷ್ ಶಾಲೆ ಕಾಣದ ಮನುಷ್ಯ ನಲವತ್ತೊಂಬತ್ತನೇ ವಯಸ್ಸಲ್ಲಿ ಬಾರದ ಭಾಷೇಲಿ, ಶ್ರುತಿ ತಪ್ಪದೆ, ಒಂದು ಪ್ರೇಮಗೀತೆ ಹಾಡಿದ್ರು. ನಮ್ಮ ಹುಡುಗರು ಅದನ್ನ ನೋಡಿ ನಗ್ತಾರೆ. ಇವರಲ್ಲಿ ಎಷ್ಟು ಜನ ಬಾರದ ಭಾಷೇಲಿ ನಾಲ್ಕು ಸಾಲು ಧೈರ್ಯವಾಗಿ ಹಾಡ್ತಾರೆ ನೋಡೋಣ. ಪಕ್ಕದ ಮನೆ ತಮಿಳಮ್ಮನ ಹತ್ರ "ಸಾಪಾಟು ಆಚ್ಚಾ" ಅನ್ನೋಕೂ ಇವರಿಗೆ ನಾಚಿಕೆ.

ಈಗ ನಗೋರ ಮಾತು ಒಂದೊಂದಾಗಿ ತಗೊಳ್ಳೋಣ.

ಮೊದಲನೇದು, ಇಂಗ್ಲಿಷ್ ತಪ್ಪು ಅಂತ. ನಾನು ಓದಿದ್ದು ಪಿಯುಸಿ, ಅದರಲ್ಲೂ ಇಂಗ್ಲಿಷಲ್ಲಿ ಅಂಚಿಗೆ ಪಾಸು. ಆದ್ರೂ ಭಾನುವಾರ ರಾತ್ರಿ ಇಯರ್‌ಫೋನ್ ಸಿಕ್ಕಿಸ್ಕೊಂಡು ನಾಲ್ಕು ಸಲ ಕೇಳ್ದೆ. ಅರ್ಥ ಆಗದ ಸಾಲು ಒಂದೂ ಇಲ್ಲ, ಕನ್ನಡ ಮೀಡಿಯಂ ಮಗುಗೂ ತಿಳಿಯೋ ಇಂಗ್ಲಿಷು. ಉಚ್ಚಾರಣೆ ನಮ್ಮದು, ಅದು ನಿಜ. ಗಾಜನೂರಿನವರು ಲಂಡನ್ನಿನವರ ಹಾಗೆ ಯಾಕೆ ಮಾತಾಡಬೇಕು? ಫ್ರಾನ್ಸಿನವರು ಅವರ ರಾಗದಲ್ಲಿ ಇಂಗ್ಲಿಷ್ ಮಾತಾಡಿದ್ರೆ "ಎಷ್ಟು ಚೆನ್ನಾಗಿದೆ" ಅಂತೀರಿ. ನಮ್ಮ ರಾಗದಲ್ಲಿ ಬಂದ್ರೆ ಹಾಸ್ಯ. ಇದಕ್ಕೆ ಕೀಳರಿಮೆ ಅನ್ನದೆ ಬೇರೆ ಏನು ಹೆಸರಿಡೋಣ, ನೀವೇ ಹೇಳಿ.

ಎರಡನೇದು, ಅರ್ಥ ಇಲ್ಲದ ಹಾಡು, ಬರೀ ಗಡಿಯಾರದ ಟಿಕ್ ಟಿಕ್ ಅಂತ. ನನ್ನ ಮಗ ಇಂಗ್ಲಿಷ್ ಹಾಡುಗಳ ಭಕ್ತ. ಬೀಟಲ್ಸ್ ಅಂತ ನಾಲ್ಕು ಜನರ ಗುಂಪು, 1963ರಲ್ಲಿ 'ಶಿ ಲವ್ಸ್ ಯು' ಅಂತ ಹಾಡಿ ಪ್ರಪಂಚಕ್ಕೇ ಹುಚ್ಚು ಹಿಡಿಸಿದ್ರಂತೆ. ನನಗೂ ಕೇಳಿಸ್ದ. ಚೆನ್ನಾಗೇ ಇದೆ, ಇಲ್ಲ ಅನ್ನಲ್ಲ. ಆದ್ರೆ ಅದರ ತುಂಬಾ ಹೂಂ ಹೂಂ ಅಂತ ತಲೆ ಆಡಿಸೋ ಮಾತೇ ಮತ್ತೆ ಮತ್ತೆ ಬರುತ್ತಪ್ಪ. ಅವರು ಹೂಂಗುಟ್ಟಿದ್ರೆ ಅದು ರಾಕ್ ಸಂಗೀತ, ನಮ್ಮವರು ಗಡಿಯಾರದ ಸದ್ದು ಮಾಡಿದ್ರೆ ಅದು ತಮಾಷೆ. ಎಲ್ಲಿಯ ನ್ಯಾಯ?

ಮೂರನೇದು ಸ್ವಲ್ಪ ಬುದ್ಧಿವಂತರು ಹೇಳೋದು. ಕನ್ನಡ ಕನ್ನಡ ಅಂತ ಚಳವಳಿ ಮಾಡಿದವರು ಇಂಗ್ಲಿಷ್ ಹಾಡು ಯಾಕೆ ಹಾಡಿದ್ರು ಅಂತ. ಗೋಕಾಕ್ ಚಳವಳಿಗೆ ಅಣ್ಣಾವ್ರು ಬಂದಿದ್ದು 1982ರಲ್ಲಿ, ಹಾಡಿದ್ದು 1978ರಲ್ಲಿ. ಇಸವಿ ಬಿಡಿ, ಹಿಂದೆ ಮುಂದೆ ಆಗಿದ್ರೂ ನನಗೆ ಅದರಲ್ಲಿ ವಿರೋಧ ಕಾಣಲ್ಲ. ನಮ್ಮ ಮನೇಲಿ ನಮ್ಮ ಅಡುಗೆ ಇರ್ಲಿ ಅನ್ನೋದಕ್ಕೂ, ಒಂದು ದಿನ ನೂಡಲ್ಸ್ ಮಾಡ್ಕೊಂಡು ತಿನ್ನೋದಕ್ಕೂ ಜಗಳ ಇದ್ಯಾ? ದಿನಾ ನೂಡಲ್ಸೇ ಆಗಿ ಸಾರು ಮರೆತ್ರೆ ಆಗ ಜಗಳ. ಅವರು ಕೇಳಿದ್ದು ಶಾಲೇಲಿ ಕನ್ನಡಕ್ಕೆ ಮೊದಲ ಸ್ಥಾನ. ಇಂಗ್ಲಿಷನ್ನ ಪ್ರಪಂಚದಿಂದ ಓಡಿಸಿ ಅಂತ ಕೇಳ್ಲಿಲ್ಲ.

ಈಗ ಅರ್ಥಕ್ಕೆ ಬರೋಣ. ಹಾಡಿನ ಸಾಲುಗಳನ್ನ ಇಲ್ಲಿ ಬರೆಯಲ್ಲ, ಫೋನಲ್ಲಿ ಕೇಳ್ಕೊಳ್ಳಿ. ಸಾರಾಂಶ ಇಷ್ಟು. ಒಬ್ಬ ಗಂಡಸು ತನ್ನ ಪ್ರಿಯೆಗೆ ಬರೋ ಹೊತ್ತಿನ ಬಗ್ಗೆ ಹೇಳ್ತಾನೆ. ಇವತ್ತಿಗೆ ಅವಸರ ಆಯ್ತು, ನಾಳೆ ಅಂದ್ರೆ ಹೊತ್ತು ಮೀರಿತು. ಹಾಗಾದ್ರೆ ಯಾವಾಗ? ಅದನ್ನ ಅವನು ತೀರ್ಮಾನ ಮಾಡಲ್ಲ. ಹೊತ್ತು ಆರಿಸ್ಕೊಳ್ಳೋದನ್ನ ಅವಳಿಗೆ ಬಿಡ್ತಾನೆ. ಬಿಟ್ಟು, ಗಡಿಯಾರದ ಸದ್ದು ಕೇಳ್ಕೊಂಡು ಕಾಯ್ತಾನೆ.

ಇನ್ನೊಂದು ಸಲ ಓದಿ. ಗಡಿಯಾರ ಅವಳ ಕೈಗೆ ಕೊಟ್ಟ. ತಾನು ಕಾಯ್ತಾ ಕೂತ.

ಈ ಮಾತಿನ ತೂಕ ಜಾಲಹಳ್ಳಿ ಹೆಂಗಸರಿಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗಬೇಕು? ಗಡಿಯಾರ ಅಂದ್ರೆ ನಮ್ಮೂರು ಕಣ್ರೀ. ಎಚ್‌ಎಂಟಿ ಇಲ್ಲಿ ಶುರು ಆಗಿದ್ದು 1953ರಲ್ಲಿ, ಯಂತ್ರ ಮಾಡೋ ಕಾರ್ಖಾನೆಯಾಗಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಕೈಗಡಿಯಾರ ಮಾಡೋಕೆ ಶುರು ಮಾಡಿದ್ರು. ಜನತಾ, ಪೈಲಟ್, ಸುಜಾತಾ, ಕಾಂಚನ್, ಒಂದೊಂದು ಹೆಸರೂ ಒಂದೊಂದು ಮದುವೆ ನೆನಪು. ಅಳಿಯನಿಗೆ ಎಚ್‌ಎಂಟಿ ವಾಚ್ ಹಾಕದೆ ಆಗ ಧಾರೆ ಆಗ್ತಿತ್ತಾ? ದೇಶದ ಎದೆಬಡಿತ ಅಂತ ಅವರ ಜಾಹೀರಾತು. ನಿಜವೇ ಆಗಿತ್ತು.

ನನ್ನ ಸೋದರತ್ತೆ ವಾಚ್ ಫ್ಯಾಕ್ಟ್ರೀಲಿದ್ರು. ಬಿಡಿ ಭಾಗ ಜೋಡಿಸೋ ಕಡೆ ಸಾಲು ಸಾಲಾಗಿ ಹೆಂಗಸರೇ ಕೂತಿರ್ತಿದ್ರಂತೆ. ಒಂದು ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಸಣ್ಣ ಚಿಮುಟ, ಕೂದಲಿಗಿಂತ ತೆಳ್ಳಗಿನ ಸ್ಪ್ರಿಂಗು. ಉಸಿರು ಜೋರಾಗಿ ಬಿಟ್ರೆ ಹಾರಿಹೋಗ್ತಿತ್ತು ಅನ್ನೋರು ಅತ್ತೆ. ನೀಟಾಗಿ ಜಡೆ ಹಾಕ್ಕೊಂಡು, ಊಟದ ಡಬ್ಬಿ ಹಿಡ್ಕೊಂಡು ಬೆಳಗ್ಗೆ ಹೊರಡೋರು. ಅವರು ಮನೆಗೆ ಬಂದಾಗ ನಾವು ಮಕ್ಕಳೆಲ್ಲಾ ಅವರ ಮಣಿಕಟ್ಟಿಗೆ ಕಿವಿ ಇಟ್ಟು ಟಿಕ್ ಟಿಕ್ ಕೇಳ್ತಿದ್ವಿ. ಕೀಲಿ ಕೊಡೋ ವಾಚು, ದಿನಾ ಬೆಳಗ್ಗೆ ಎದ್ದು ತಿರುಗಿಸಬೇಕು, ಇಲ್ಲದಿದ್ರೆ ನಿಂತುಹೋಗುತ್ತೆ.

ಆ ಸಿನಿಮಾ ಬಂದಾಗ ನನಗೆ ಹತ್ತು ವರ್ಷ. ಕರ್ಕೊಂಡು ಹೋಗಿದ್ದೂ ಅದೇ ಅತ್ತೆ, ತಮ್ಮ ಸಂಬಳದ ದುಡ್ಡಲ್ಲಿ. ಈ ಹಾಡು ಬಂದಾಗ ಥಿಯೇಟರಲ್ಲಿ ಶಿಳ್ಳೆಯೋ ಶಿಳ್ಳೆ. ಯಾರೂ ಗೇಲಿ ಮಾಡ್ಲಿಲ್ಲ. ನಮ್ಮವರು ಇಂಗ್ಲಿಷಲ್ಲಿ ಹಾಡ್ತಿದ್ದಾರೆ ಅಂತ ಎಲ್ಲರಿಗೂ ಹೆಮ್ಮೆ. ಅತ್ತೆ ಗಡಿಯಾರದ ಸದ್ದು ಬಂದಾಗ ತಮ್ಮ ವಾಚನ್ನ ನನ್ನ ಕಿವಿ ಹತ್ರ ಹಿಡಿದು ನಕ್ಕಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಷ್ಟೆಲ್ಲಾ ಇದ್ದೂ ಒಂದು ಮಾತು. ದೇಶಕ್ಕೆಲ್ಲಾ ಟೈಮು ಜೋಡಿಸಿ ಕೊಟ್ಟ ಆ ಕೈಗೆ ತನ್ನ ಮನೇಲಿ ಟೈಮು ಹೇಳೋ ಹಕ್ಕು ಇರ್ಲಿಲ್ಲ. ಅಡುಗೆ ಎಷ್ಟೊತ್ತಿಗೆ ಅಂತ ಅವರ ಮಾವ ಹೇಳ್ತಿದ್ರು. ತೌರಿಗೆ ಯಾವಾಗ ಹೋಗಬೇಕು ಅಂತ ಅವರ ಅತ್ತೆ ಹೇಳ್ತಿದ್ರು. ಎರಡನೇ ಮಗು ಯಾವಾಗ ಅಂತ ಊರೇ ಹೇಳ್ತಿತ್ತು.

ನನ್ನ ಕಥೆನೂ ಹೇಳ್ತೀನಿ, ಯಾರನ್ನೂ ದೂರೋಕಲ್ಲ. ಪಿಯುಸಿ ಮುಗಿದ ವರ್ಷ ನಮ್ಮ ಕಡೆ ಒಂದು ಕಾರ್ಖಾನೇಲಿ ಹೆಣ್ಣುಮಕ್ಕಳನ್ನ ತಗೋತಿದ್ರು. ಅರ್ಜಿ ತಂದೆ, ತುಂಬಿದೆ, ಫೋಟೋ ಅಂಟಿಸಿದೆ. ಅಪ್ಪ ಅದನ್ನ ಓದಿ, ಮಡಿಚಿ, ದೇವರಮನೆ ಗೂಡಲ್ಲಿಟ್ಟು, "ಈಗಲೇ ಯಾಕಮ್ಮಾ? ಮೊದಲು ಮದುವೆ ಆಗ್ಲಿ. ಆಮೇಲೆ ಅವರ ಮನೆಯವರು ಒಪ್ಪಿದ್ರೆ ಹೋಗು" ಅಂದ್ರು. ಕೆಟ್ಟ ಮನುಷ್ಯ ಅಲ್ಲ ನಮ್ಮಪ್ಪ, ಪ್ರೀತಿಯಿಂದಲೇ ಹೇಳಿದ್ದು. ಮದುವೆ ಆಯ್ತು. ಅತ್ತೆ ಮನೇಲಿ "ಈಗಲೇ ಯಾಕೆ, ಒಂದು ಮಗು ಆಗ್ಲಿ" ಅಂದ್ರು. ಒಂದಾಯ್ತು, ಎರಡಾಯ್ತು. ಚಿಕ್ಕವನು ಸ್ಕೂಲಿಗೆ ಸೇರಿದ ಮೇಲೆ ನಾನೇ ಧೈರ್ಯ ಮಾಡಿ ಒಂದು ಕಡೆ ಕೇಳ್ದೆ. ವಯಸ್ಸಿನ ಮಿತಿ ಮೀರಿದೆ ಅಂದ್ರು.

ಈಗಲೇ ಯಾಕೆ. ಇನ್ನು ಆಗಲ್ಲ. ಈ ಎರಡು ಮಾತಿನ ಮಧ್ಯೆ "ಈಗ ಸರಿಯಾದ ಹೊತ್ತು" ಅನ್ನೋ ದಿನ ಒಂದು ಇದ್ದಿರಲೇಬೇಕಲ್ವಾ? ಅದು ಯಾವ ದಿನ? ಸೋಮವಾರವಾ, ಗುರುವಾರವಾ? ನಾನು ಅಕ್ಕಿ ಆರಿಸ್ತಾ ಇದ್ದಾಗ ಬಂದು ಹೋಯ್ತಾ? ಯಾರೂ ನನಗೆ ಹೇಳ್ಲಿಲ್ಲ. ನಿಮಗೆ ಯಾರಾದ್ರೂ ಹೇಳಿದ್ರಾ?

ನಮ್ಮ ಬೀದಿ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೆದಿರ್ತಿದ್ರಲ್ಲ, ನೆನಪಿದ್ಯಾ? 1990ರ ದಶಕದಲ್ಲಿ ಬೆಂಗಳೂರಲ್ಲೆಲ್ಲಾ ಎದ್ದ ಸುದ್ದಿ. ರಾತ್ರಿ ಒಂದು ಹೆಣ್ಣು ದೆವ್ವ ಬಂದು ಮನೆಯವರ ದನೀಲೇ ಕರೆಯುತ್ತೆ, ಬಾಗಿಲು ತೆಗೆದ್ರೆ ಮುಗೀತು ಅಂತ. ಅದಕ್ಕೆ ಸೀಮೆಸುಣ್ಣದಲ್ಲಿ 'ನಾಳೆ ಬಾ'. ದೆವ್ವ ಓದ್ಕೊಂಡು ವಾಪಸ್ಸು ಹೋಗುತ್ತೆ, ನಾಳೆ ಬಂದು ಮತ್ತೆ ಅದನ್ನೇ ಓದುತ್ತೆ, ಮತ್ತೆ ಹೋಗುತ್ತೆ. ನಮ್ಮ ಬಾಗಿಲಿಗೂ ನಾನೇ ಬರೆದಿದ್ದೆ. 2018ರಲ್ಲಿ ಹಿಂದೀಲಿ 'ಸ್ತ್ರೀ' ಅಂತ ಸಿನಿಮಾ ಬಂದಾಗ, ಇದು ನಮ್ಮ 'ನಾಳೆ ಬಾ' ಕಥೆನೇ ಅಲ್ವಾ ಅಂತ ನಾವೆಲ್ಲಾ ಮಾತಾಡ್ಕೊಂಡ್ವಿ.

ಆ ದೆವ್ವ ಓದು ಬರಹ ಬಲ್ಲದ್ದು, ಪಾಪ, ಹೇಳಿದ ಮಾತು ಕೇಳೋದು. ಗಲಾಟೆ ಮಾಡಲ್ಲ, ಬಾಗಿಲು ಒಡೆಯಲ್ಲ, ನಾಳೆ ಅಂದ್ರೆ ನಾಳೆ ಅಂತ ತಿರುಗಿ ಹೋಗೋದು. ಇಷ್ಟು ಮರ್ಯಾದಸ್ಥ ದೆವ್ವ ಯಾರಿರಬಹುದು? ನಮ್ಮಂಥವಳೇ ಯಾವಳೋ ಅರ್ಜಿ ಹಿಡ್ಕೊಂಡು ಬಂದಿರಬೇಕು ಅಂತ ನನಗೆ ಈಗ ಅನ್ಸುತ್ತೆ. ನಗಬೇಡಿ. ಬಾಗಿಲಿಗೆ ಬಂದ ಹೆಣ್ಣಿಗೆ 'ನಾಳೆ ಬಾ' ಅಂತ ಬರೆದ ಊರು ನಮ್ಮದು. ಅದೇ ಊರಿನ ಒಬ್ಬ ಗಂಡಸು ಸಿನಿಮಾದಲ್ಲಿ ನಿಂತು, ನಾಳೆ ಅಂದ್ರೆ ಹೊತ್ತು ಮೀರುತ್ತೆ, ಯಾವಾಗ ಅಂತ ನೀನೇ ಹೇಳು ಅಂದಿದ್ದಾನೆ. ನಾವು ಆ ಮಾತಿಗೆ ನಗ್ತೀವಿ. ದೆವ್ವದ ಬರಹಕ್ಕೆ ಮಾತ್ರ ಕೈಮುಗೀತೀವಿ.

ಪಕ್ಕದ ಮನೆ ಅಕ್ಕನಿಗೆ ಇದನ್ನ ಬರೆಯೋ ಮುಂಚೆ ಹೇಳ್ದೆ. "ಅಯ್ಯೋ, ಪತ್ತೇದಾರಿ ಸಿನಿಮಾದ ಒಂದು ಹಾಡು ಕಣೇ ಅದು. ಅದು ಹಾಡಿದ್ದು ಹುಡುಗಿ ಒಲಿಸ್ಕೊಳ್ಳೋಕೆ, ನಿನ್ನ ಉದ್ಧಾರಕ್ಕಲ್ಲ. ನೀನು ಇಲ್ಲದ ಅರ್ಥ ಹಚ್ತಿದ್ದೀಯ" ಅಂದ್ರು. ಅವರ ಮಾತಲ್ಲೂ ಹುರುಳಿದೆ. ಹಾಡು ಮಾಡಿದವರು ಸ್ತ್ರೀ ಸ್ವಾತಂತ್ರ್ಯ ಅಂತ ಯೋಚನೆ ಮಾಡಿ ಕೂತಿದ್ರು ಅಂತ ನಾನು ಹೇಳ್ತಿಲ್ಲ. ಆದ್ರೆ ಮಾತು ಬಾಯಿಂದ ಆಚೆ ಬಂದ ಮೇಲೆ ಅದು ಕೇಳಿಸ್ಕೊಂಡವರದ್ದು. ಪುರಂದರದಾಸರ ಪದ ಹಾಡ್ಕೊಂಡು ನಾವು ಮಗು ತೂಗಲ್ವಾ? ದಾಸರು ನಮ್ಮ ತೊಟ್ಟಿಲು ನೋಡಿ ಬರೆದಿದ್ರಾ? ಇನ್ನು ಒಲಿಸ್ಕೊಳ್ಳೋ ವಿಷಯ. ಸಿನಿಮಾದಲ್ಲಿ ಹುಡುಗೀನ ಒಲಿಸ್ಕೊಳ್ಳೋದು ಹೇಗೆ ಅಂತ ನಾವು ನೋಡಿಲ್ವಾ? ಹಿಂದೆ ಬೀಳೋದು, ಸೆರಗು ಎಳೆಯೋದು, ಸೈಕಲ್ ಅಡ್ಡ ಹಾಕೋದು, ಬೇಡ ಅಂದ್ರೂ ಬೇಕು ಅಂತಲೇ ಅರ್ಥ ಮಾಡ್ಕೊಳ್ಳೋದು. ಅಂಥ ಹಾಡುಗಳಿಗೆ ಛತ್ರದಲ್ಲಿ ಮಕ್ಕಳನ್ನ ಕುಣಿಸ್ತೀವಿ, ವೀಡಿಯೋ ಮಾಡ್ತೀವಿ, ಯಾರಿಗೂ ಅದು ತಮಾಷೆ ಅನ್ಸಲ್ಲ. ನೀನೇ ಹೊತ್ತು ಹೇಳು, ನಾನು ಕಾಯ್ತೀನಿ ಅಂದವನು ಮಾತ್ರ ಜೋಕರ್ ಆದ.

ಈಗ ನಿದ್ದೆ ಕೆಡಿಸಿದ ವಿಷಯ. ಅವತ್ತು ಛತ್ರದಿಂದ ಆಟೋದಲ್ಲಿ ವಾಪಸ್ಸು ಬರ್ತಿದ್ವಿ, ನಾನು ಮತ್ತೆ ನನ್ನ ಸೊಸೆ. ಮೊಮ್ಮಗಳು ಅವಳ ತೊಡೆ ಮೇಲೆ ನಿದ್ದೆ. ಜಾಲಹಳ್ಳಿ ಮೆಟ್ರೋ ಸ್ಟೇಷನ್ ಹತ್ರ ಟ್ರಾಫಿಕ್ಕು, ಆಟೋ ನಿಂತಿತ್ತು. ಅವಳು ಆಚೆ ನೋಡ್ಕೊಂಡು, "ಅತ್ತೆ, ಎಲ್ಲರೂ ನಗ್ತಿದ್ರು, ನನಗೆ ನಗು ಬರ್ಲಿಲ್ಲ. ನನ್ನ ಕೆಲಸದ ಕಥೆನೂ ಅದೇ ಅಲ್ವಾ ಅನ್ನಿಸ್ತು" ಅಂದ್ಲು. ಅಷ್ಟೇ. ಆಮೇಲೆ ಮಗುವಿನ ಟೋಪಿ ಸರಿ ಮಾಡಿದ್ಲು.

ಅವಳು ಕಂಪ್ಯೂಟರ್ ಕೆಲಸದವಳು. ಹೆರಿಗೆ ರಜೆ ಮುಗಿದು ಮೂರು ತಿಂಗಳಾಯ್ತು, ಸಂಬಳ ಇಲ್ಲದ ರಜೆ ಹಾಕ್ಕೊಂಡು ಕೂತಿದ್ದಾಳೆ. ಹೆರಿಗೆ ರಜೆ ಮೊದಲು 12 ವಾರ ಇತ್ತು, 2017ರ ತಿದ್ದುಪಡಿ ಆದ ಮೇಲೆ 26 ವಾರ ಆಯ್ತು. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಕಡೆ ಶಿಶುವಿಹಾರದ ಅನುಕೂಲನೂ ಇರಬೇಕು ಅಂತ ಕಾನೂನು. ಒಳ್ಳೇದೇ. ಆದ್ರೆ 27ನೇ ವಾರ ಬೆಳಗ್ಗೆ ಎದ್ದು ಮನೇಲಿ ಏನಾಗಬೇಕು ಅಂತ ಕಾನೂನು ಹೇಳಲ್ಲ. ಅದನ್ನ ನಾವು ಹೇಳ್ತೀವಿ. ನಾವು ಅಂದ್ರೆ ಅತ್ತೆಯರು.

ಏನಂದಿದ್ದೆ ನಾನು? ಅವಳು ಬ್ಯಾಗು ತೆಗೆದಿಟ್ಟು, ಮುಂದಿನ ಸೋಮವಾರದಿಂದ ಹೋಗ್ತೀನಿ ಅತ್ತೆ ಅಂದಾಗ, ನಾನು ಅಂದ ಮಾತು ಇದು: "ಈಗಲೇ ಯಾಕಮ್ಮಾ? ಮಗುಗೆ ವರ್ಷ ತುಂಬ್ಲಿ." ನಮ್ಮಪ್ಪನ ಮಾತು, ನಮ್ಮಪ್ಪನ ರಾಗ, ನನ್ನ ಬಾಯಿ. ಮಡಿಚಿ ದೇವರಮನೆ ಗೂಡಲ್ಲಿ ಇಟ್ಟಿದ್ದೊಂದು ಬಾಕಿ. ಅವಳು ಎದುರಾಡ್ಲಿಲ್ಲ. ನಾನೂ ಆಗ ಎದುರಾಡಿರ್ಲಿಲ್ಲ. ವರ್ಷ ತುಂಬಿದ ಮೇಲೆ ನಡೆಯೋದು ಕಲೀಲಿ ಅಂತಿದ್ದೆ, ಆಮೇಲೆ ಸ್ಕೂಲಿಗೆ ಸೇರ್ಲಿ ಅಂತಿದ್ದೆ. ಅಷ್ಟೊತ್ತಿಗೆ ಆಫೀಸಿನವರು, ಇಷ್ಟು ವರ್ಷ ಬಿಟ್ಟಿದ್ದೀರಲ್ಲ, ಇನ್ನು ಕಷ್ಟ ಅಂತಿದ್ರು. ಆಗ ನಾವು ಆಫೀಸಿನವರನ್ನ ಬೈಕೊಂಡು ಕಾಫಿ ಕುಡೀತಿದ್ವಿ.

ಹಾಗಾಗಿ ನಾನು ಬರೀ ಹುಡುಗರ ಮೇಲೆ ಜಗಳಕ್ಕೆ ಬಂದಿಲ್ಲ. ಹುಡುಗರು ಉಚ್ಚಾರಣೆಗೆ ನಗ್ತಾರೆ, ಅದು ಎಳೆ ಬುದ್ಧಿ, ಬುದ್ಧಿ ಬಂದ್ರೆ ಹೋಗುತ್ತೆ. ನಮ್ಮದು ಹಾಗಲ್ಲ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚೋದಕ್ಕೆ 2016ರಲ್ಲಿ ತೀರ್ಮಾನ ಆದಾಗ ನಾವೆಲ್ಲಾ ಕಣ್ಣೀರು ಹಾಕಿದ್ವಿ, ಊರಿನ ಗಡಿಯಾರ ನಿಂತುಹೋಯ್ತು ಅಂತ. ನಮ್ಮ ಮನೆಯೊಳಗಿನ ಗಡಿಯಾರ ಮಾತ್ರ ನಮ್ಮ ಅತ್ತೆಯರ ಕೈಯಿಂದ ನಮ್ಮ ಕೈಗೆ ಬಂದಿದೆ, ಈಗ ನಾವು ಅದನ್ನ ಸೊಸೆಯಂದಿರ ತಲೆ ಮೇಲೆ ತೂಗುಹಾಕಿದ್ದೀವಿ. ದಿನಾ ಬೆಳಗ್ಗೆ ಎದ್ದು ಅದಕ್ಕೆ ಕೀಲಿ ಕೊಡೋರೂ ನಾವೇ.

ಮಗು ನೋಡ್ಕೊಳ್ಳೋರು ಯಾರು ಅಂತ ಕೇಳ್ತೀರಿ, ಗೊತ್ತು. ಇಲ್ಲಿ ನಾನು ಆದರ್ಶದ ಮಾತಾಡಲ್ಲ. ನನಗೆ ಮಂಡಿನೋವು ಇದೆ, ಇಡೀ ದಿನ ಮಗು ಹಿಂದೆ ಓಡೋಕೆ ನನ್ನ ಕೈಲಾಗಲ್ಲ. ಇನ್ನೊಂದು ಸಲ ನನ್ನ ಟೈಮನ್ನ ಪೂರ್ತಿ ಒತ್ತೆ ಇಡೋಕೂ ನಾನು ತಯಾರಿಲ್ಲ, ಅದನ್ನೂ ಹೇಳ್ಬಿಡ್ತೀನಿ. ಸೊಸೆ ಹೊತ್ತು ಅವಳದ್ದು ಅಂದ್ರೆ, ಅತ್ತೆ ಹೊತ್ತೂ ಅತ್ತೆಯದ್ದೇ ಅಲ್ವಾ. ಅದಕ್ಕೆ ಸೋಮವಾರ ರಾತ್ರಿ ಊಟ ಆದ ಮೇಲೆ ನಾಲ್ಕೂ ಜನ ಕೂತು ಲೆಕ್ಕ ಹಾಕಿದ್ವಿ. ಬೆಳಗ್ಗೆ ಹನ್ನೊಂದರವರೆಗೆ ನಾನು. ಆಮೇಲೆ ನಾಲ್ಕರವರೆಗೆ ನಮ್ಮ ಬೀದೀಲೇ ಮಕ್ಕಳನ್ನ ನೋಡ್ಕೊಳ್ಳೋ ಒಬ್ಬರು ಇದ್ದಾರೆ, ಅಲ್ಲಿ. ನಾಲ್ಕರಿಂದ ನಮ್ಮನೇವ್ರು, ರಿಟೈರ್ ಆಗಿ ಪೇಪರ್ ಓದ್ಕೊಂಡು ಕೂತಿರ್ತಾರಲ್ಲ, ಅವರು. ವಾರದಲ್ಲಿ ಎರಡು ದಿನ ಮಗನಿಗೆ ಮನೆಯಿಂದ ಕೆಲಸ, ಆ ದಿನ ಅವನದ್ದೇ ಪೂರ್ತಿ ಜವಾಬ್ದಾರಿ. ಅವನು ಮೊದಲು ಕೈಕೈ ಹಿಸುಕ್ದ. ನಮ್ಮನೇವ್ರು "ನನಗೆ ಡೈಪರ್ ಹಾಕೋಕೆ ಬರಲ್ಲ" ಅಂದ್ರು. ಅಣ್ಣಾವ್ರು ಇಂಗ್ಲಿಷ್ ಹಾಡೇ ಕಲ್ತು ಹಾಡಿದ್ರು, ನಿಮಗೆ ಡೈಪರ್ ಬರಲ್ವಾ ಅಂದೆ. ಸುಮ್ಮನಾದ್ರು.

ಆಮೇಲೆ ಸೊಸೆಗೆ ಹೇಳ್ದೆ, "ಯಾವಾಗಿಂದ ಹೋಗ್ತೀಯ ಅನ್ನೋದನ್ನ ನಾನು ಹೇಳಲ್ಲಮ್ಮ, ನೀನೇ ಹೇಳು" ಅಂತ. ಅವಳು ತಕ್ಷಣ ಏನೂ ಹೇಳ್ಲಿಲ್ಲ. ಎರಡು ದಿನ ಬಿಟ್ಟು, ಒಂದನೇ ತಾರೀಕಿಂದ ಅಂದ್ಲು. ಸೋಮವಾರವೂ ಅಲ್ಲ, ವರ್ಷ ತುಂಬಿದ ಮೇಲೂ ಅಲ್ಲ. ಅವಳದ್ದೇ ಲೆಕ್ಕ. ನನಗೆ ಆ ತಾರೀಕು ಸ್ವಲ್ಪ ಬೇಗ ಆಯ್ತು ಅಂತಲೇ ಅನ್ನಿಸ್ತು. ನಾಲಿಗೆ ಕಚ್ಕೊಂಡೆ.

ಇನ್ನು ತಂಗಿ ಮಗನಿಗೆ ಒಂದು ಮಾತು, ಅವನೂ ಇದನ್ನ ಓದ್ತಾನೆ ಅಂತ ಗೊತ್ತು. ನೋಡಪ್ಪಾ, ನಿನ್ನ ಮದುವೇಲಿ ಆ ಹಾಡು ಮತ್ತೆ ಹಾಕ್ಸು, ನನ್ನ ಅಭ್ಯಂತರ ಇಲ್ಲ. ಕಪ್ಪು ಕನ್ನಡಕನೂ ಹಾಕ್ಕೋ. ಆದ್ರೆ ಪಕ್ಕದಲ್ಲಿ ನಿಂತಿರೋ ಹುಡುಗಿ ಮುಂದಕ್ಕೆ ಓದಬೇಕು ಅಂತಿದ್ದಾಳಂತೆ, ನಿಮ್ಮಮ್ಮ ಆಗಲೇ "ಮದುವೆ ಆಗ್ಲಿ, ನೋಡೋಣ" ಅಂದಿದ್ದಾಳೆ. ಆ ಹಾಡಿನ ಅರ್ಥವನ್ನ ಮೊದಲು ನಿಮ್ಮಮ್ಮನಿಗೆ ಹೇಳು, ಆಮೇಲೆ ಕುಣಿ. ತಂಗೀ, ನೀನೂ ಇದನ್ನ ಓದಿ ನನ್ನ ಮೇಲೆ ಸಿಟ್ಟಾಗ್ತೀಯ. ಆಗು, ಫೋನ್ ಮಾಡಿ ಬೈಯಿ. ನಾನೇನೂ ನಿನಗಿಂತ ಸಾಚಾ ಅಂತ ಹೇಳ್ಕೊಂಡಿಲ್ಲ.

ಮಿಕ್ಕವರೆಲ್ಲಾ ಇವತ್ತು ರಾತ್ರಿ ಪಾತ್ರೆ ತೊಳೆದಾದ ಮೇಲೆ ಆ ಹಾಡನ್ನ ಒಂದು ಸಲ ನಗದೆ ಕೇಳಿ. ನಿಮಗೆ ಯಾರು ಯಾರು ಈಗಲೇ ಯಾಕೆ ಅಂದ್ರು, ನೀವು ಯಾರಿಗೆ ಅಂದ್ರಿ, ಎರಡನ್ನೂ ನೆನಪು ಮಾಡ್ಕೊಳ್ಳಿ. ಬರೆದು ಕಳಿಸೋರು ಕಳಿಸಿ, ಹೆಸರು ಹಾಕಲ್ಲ.

ಉಪ್ಪಿನಕಾಯಿ ಮುಂದಿನ ವಾರ ಖಂಡಿತ. ಖಾರದಪುಡಿಗೆ ಬ್ಯಾಡಗಿ ಅರ್ಧ ಗುಂಟೂರು ಅರ್ಧ ತಂದಿಟ್ಕೊಂಡಿರಿ.